ದಿನ ಎಣಿಸೋ ಆ್ಯಪ್, ಪೆಗ್ ಎಣಿಸೋ ಆ್ಯಪ್, ಯುಪಿಐ ಹಿಸ್ಟರಿ: ಕುಡಿತ ಇಳಿಸೋಕೆ ಯಾವುದು ವಾಸಿ?

ಇದು ಕುಡಿತ ಪೂರ್ತಿ ಬಿಡಬೇಕಾದವರಿಗೆ ಬರೆದದ್ದಲ್ಲ, ಇಳಿಸೋಣ ಅಂದುಕೊಂಡವರಿಗೆ. ಕೆಲಸ ಮುಗಿಸಿ ಬಂದರೆ ಒಂದು ಸಿಕ್ಸ್‌ಟಿ, ಶನಿವಾರವಾದರೆ ಕ್ವಾರ್ಟರ್ (180 ಎಂಎಲ್), ನಾಲ್ಕು ಜನ ಸೇರಿದರೆ ಲೆಕ್ಕವೇ ಇಲ್ಲ ಅನ್ನುವ ಜಾತಿಯ ಕುಡಿತ ನನ್ನದು. ಲಿವರ್ ರಿಪೋರ್ಟ್ ನೋಡಿದ ಡಾಕ್ಟರು "ಸ್ವಲ್ಪ ಕಮ್ಮಿ ಮಾಡಿ" ಅಂದರು. ಸ್ವಲ್ಪ ಅಂದರೆ ಎಷ್ಟು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೇಗೂ ಕೈಯಲ್ಲಿ ಫೋನಿದೆಯಲ್ಲ ಅಂತ ಅದರಲ್ಲೇ ಸಿಕ್ಕಿದ್ದನ್ನೆಲ್ಲ ಒಂದಾದ ಮೇಲೊಂದು ಬಳಸಿ ನೋಡಿದೆ.

ಯಾವುದನ್ನೂ ಡೌನ್‌ಲೋಡ್ ಮಾಡುವ ಮುಂಚೆ ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಪ್ರಶ್ನಾವಳಿಗೆ ಉತ್ತರಿಸಿ. 10 ಪ್ರಶ್ನೆ, ಒಟ್ಟು 40 ಅಂಕ, ಐದು ನಿಮಿಷವೂ ಬೇಡ. 8 ಮುಟ್ಟಿದರೆ ಎಚ್ಚರಿಕೆ. 20 ಮುಟ್ಟಿದರೆ ಚಟ ಅಂಟಿರುವ ಸಾಧ್ಯತೆ ಇದೆ, ಆ್ಯಪ್ ಸಾಲದು, ಡಾಕ್ಟರೇ ಬೇಕು. ಬೆಳಗ್ಗೆ ಎದ್ದಾಗ ಕೈ ನಡುಗುವವರು, ಒಂದು ಗುಟುಕು ಬಿದ್ದರೇ ಮೈ ಸರಿಹೋಗುವವರು ಆ್ಯಪ್ ನೋಡಿಕೊಂಡು ಇದ್ದಕ್ಕಿದ್ದಂತೆ ನಿಲ್ಲಿಸಲೇಬಾರದು. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಇಲ್ಲದ್ದೆಲ್ಲ ಕಾಣಿಸಿ ಮತಿ ಕೆಡಬಹುದು, ಪ್ರಾಣಕ್ಕೂ ಕುತ್ತು. ನನ್ನದು 8 ದಾಟಿತ್ತು, 20ಕ್ಕೆ ದೂರವಿತ್ತು. ಹಾಗಾಗಿ ಮುಂದುವರಿದೆ.

ಮೊದಲು ಹಾಕಿಕೊಂಡದ್ದು ದಿನ ಎಣಿಸುವ ಆ್ಯಪ್. ಇಂಥವು ಬೇಕಾದಷ್ಟಿವೆ, ಎಲ್ಲವುಗಳ ತತ್ವ ಒಂದೇ: ಕುಡಿಯದ ದಿನಗಳನ್ನು ಕೂಡಿಸುತ್ತಾ ಹೋಗುವುದು, ಕುಡಿದರೆ ಸೊನ್ನೆಗೆ ತರುವುದು. ಪೂರ್ತಿ ಬಿಟ್ಟವರಿಗೆ ಆ ಅಂಕಿ ದೊಡ್ಡ ಬಲ, ಅದನ್ನು ಕಳೆದುಕೊಳ್ಳಬಾರದೆಂದೇ ಕೈ ತಡೆಯುತ್ತದೆ. ಇಳಿಸುವವನಿಗೆ ಮಾತ್ರ ಇದು ಉಲ್ಟಾ ಹೊಡೆಯುತ್ತದೆ. 30 ಎಂಎಲ್ ಕುಡಿದರೂ ಸೊನ್ನೆ, ಕ್ವಾರ್ಟರ್ ಮುಗಿಸಿದರೂ ಸೊನ್ನೆ. ವರ್ಷತೊಡಕಿನ ದಿನ ಬಾಡೂಟದ ಜೊತೆ ಒಂದೇ ಒಂದು ಸ್ಮಾಲ್ ಅಂತ ಕೂತಾಗ ತಲೆಯಲ್ಲಿ ಓಡಿದ್ದು ಒಂದೇ ಮಾತು: ಹೇಗೂ ಸೊನ್ನೆ ಆಯ್ತಲ್ಲ, ಇನ್ನೊಂದು ಹಾಕು. ಅದರಲ್ಲಿ ಬೆಳಗ್ಗೆ ಪ್ರತಿಜ್ಞೆ ಮಾಡಿಸುವ ಒಂದು ಬಟನ್ನೂ ಇತ್ತು. ಬೆಳಗ್ಗೆ ಕಾಫಿ ಕುಡಿಯುತ್ತಾ ಯಾರು ಬೇಕಾದರೂ ಪ್ರತಿಜ್ಞೆ ಮಾಡುತ್ತಾರೆ ಸ್ವಾಮಿ. ಕಷ್ಟ ಇರುವುದು ಸಂಜೆ ಆರೂವರೆಗೆ.

ಹಾಗಾಗಿ ಪೆಗ್ ಎಣಿಸುವ ಆ್ಯಪ್‌ಗೆ ಬಂದೆ. ನಾನು ಬಳಸಿದ್ದು ಬ್ರಿಟನ್ನಿನ ಲೆಕ್ಕದ್ದು. ನಿಜವಾಗಿ ಕಣ್ಣು ತೆರೆಸಿದ್ದು ಇದೇ, ಅದೂ ಆ್ಯಪ್‌ನಿಂದಲ್ಲ, ಆ್ಯಪ್ ನಮ್ಮ ಅಳತೆಗೆ ಹೊಂದದೇ ಇದ್ದದ್ದರಿಂದ. ಅಲ್ಲಿನ ಒಂದು ಯೂನಿಟ್ ಅಂದರೆ 8 ಗ್ರಾಂ ಆಲ್ಕೋಹಾಲ್. ಅಮೆರಿಕದ ಆ್ಯಪ್‌ಗಳಲ್ಲಿ 'ಒಂದು ಡ್ರಿಂಕ್' ಅಂದರೆ 14 ಗ್ರಾಂ. ನಮ್ಮಲ್ಲಿ ಡಾಕ್ಟರುಗಳು ಹಿಡಿಯುವುದು 10 ಗ್ರಾಂ, ಅಂದರೆ ಸರಿಯಾಗಿ ಒಂದು ಸ್ಮಾಲ್ ಪೆಗ್. ಬ್ರಿಟನ್ನಿನ 'ಸಿಂಗಲ್' 25 ಎಂಎಲ್, ಶೇ. 40ರದ್ದು. ನಮ್ಮ ಸ್ಮಾಲ್ 30 ಎಂಎಲ್, ಬಾಟಲಿ ಮೇಲೆ ಅಚ್ಚಾಗಿರುವುದು ಶೇ. 42.8. ನಮ್ಮ ಸ್ಮಾಲನ್ನು ಅವರ ಸಿಂಗಲ್ ಅಂತ ಒತ್ತಿದರೆ ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಲೆಕ್ಕದಿಂದಲೇ ಮಾಯ.

ಎಂಎಲ್ ಮತ್ತು ಶೇಕಡಾ ಎರಡನ್ನೂ ನಾವೇ ತುಂಬುವ ಅವಕಾಶ ಇರುವ ಆ್ಯಪ್ ಮಾತ್ರ ತೆಗೆದುಕೊಳ್ಳಿ. ಒಮ್ಮೆ ತುಂಬಿಟ್ಟರೆ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸಿಕ್ಸ್‌ಟಿ ಅಂದರೆ 20 ಗ್ರಾಂ, ಟೆಟ್ರಾ ಪ್ಯಾಕಿನ ನೈಂಟಿ 30, ಕ್ವಾರ್ಟರ್ 60. "ಬಿಯರ್ ತಾನೆ, ಏನ್ ಮಹಾ" ಅನ್ನುವವರು ಗಮನಿಸಿ: ಶೇ. 8ರ ಸ್ಟ್ರಾಂಗ್ ಬಿಯರ್, 650 ಎಂಎಲ್ ಬಾಟಲಿ, 41 ಗ್ರಾಂ, ಅಂದರೆ ನಾಲ್ಕು ಸ್ಮಾಲ್. ಬ್ರಿಟನ್ನಿನವರು ವಾರಕ್ಕೆ 14 ಯೂನಿಟ್ ದಾಟಬೇಡಿ ಅನ್ನುತ್ತಾರೆ. ನಮ್ಮ ವಿಸ್ಕಿಯಲ್ಲಿ ಅದು ಸುಮಾರು 330 ಎಂಎಲ್, ಅಂದರೆ ವಾರವಿಡೀ ಸೇರಿ ಎರಡು ಕ್ವಾರ್ಟರೂ ಇಲ್ಲ! ಅಷ್ಟರೊಳಗಿದ್ದರೆ ಅಪಾಯವೇ ಇಲ್ಲ ಅಂತಲೂ ಅಲ್ಲ. ಯಾವ ಪ್ರಮಾಣವೂ ಸುರಕ್ಷಿತವಲ್ಲ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿಬಿಟ್ಟಿದೆ.

ಮನೆಯಲ್ಲಿ ಲೋಟಕ್ಕೆ ಅಂದಾಜಿನಲ್ಲಿ ಸುರಿಯುವವರು ಆ್ಯಪ್‌ಗೂ ಮೊದಲು ಒಂದು ಸ್ಟೀಲಿನ ಪೆಗ್ ಮೆಷರ್ ತನ್ನಿ. ನನ್ನ ಅಂದಾಜಿನ 'ಸಿಕ್ಸ್‌ಟಿ'ಯನ್ನು ಅದಕ್ಕೆ ಬಗ್ಗಿಸಿದಾಗ ತುಂಬಿ ಹೊರಚೆಲ್ಲಿ ಟೇಬಲ್ಲೆಲ್ಲ ಒದ್ದೆಯಾಯಿತು.

ಪೆಗ್ ಲೆಕ್ಕದ ತೊಂದರೆ ಏನೆಂದರೆ ಮೂರನೇ ಪೆಗ್ಗಿನ ನಂತರ ಯಾರೂ ಫೋನ್ ಎತ್ತುವುದಿಲ್ಲ. ಮಾರನೇ ದಿನ ನೆನಪಿಸಿಕೊಂಡು ತುಂಬುವುದು ಜಮಾಖರ್ಚಿನ ಪುಸ್ತಕವಷ್ಟೇ, ತಡೆ ಅಲ್ಲ. ಹಾಗಂತ ಪ್ರಯೋಜನವೇ ಇಲ್ಲವೆನ್ನಲಾರೆ. ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದವರು ಮಾಡಿರುವ 'ಡ್ರಿಂಕ್ ಲೆಸ್' ಆ್ಯಪನ್ನು 5,600ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ವೆಬ್‌ಸೈಟಿನ ಸಲಹೆ ಸಿಕ್ಕವರಿಗಿಂತ ಈ ಆ್ಯಪ್ ಸಿಕ್ಕವರು ವಾರಕ್ಕೆ ಸುಮಾರು 2 ಯೂನಿಟ್ ಹೆಚ್ಚು ಇಳಿಸಿದ್ದರು. ನಮ್ಮ ಲೆಕ್ಕದಲ್ಲಿ ಒಂದೂವರೆ ಸ್ಮಾಲ್. ಕಡಿಮೆ ಅನ್ನಿಸಬಹುದು, ಪುಕ್ಕಟೆ ಆ್ಯಪ್ ಒಂದಕ್ಕೆ ಅದು ಕಡಿಮೆಯಲ್ಲ. ಅದರಲ್ಲಿ 'ಹೀಗಾದರೆ ಹೀಗೆ ಮಾಡುತ್ತೇನೆ' ಅಂತ ಮೊದಲೇ ಬರೆದಿಟ್ಟುಕೊಳ್ಳುವ ಭಾಗವೂ ಇದೆ.

ಯುಪಿಐ ಹಿಸ್ಟರಿಯನ್ನು ಯಾರೂ ಇಂಥ ಸಾಧನ ಅಂತ ಕರೆಯುವುದಿಲ್ಲ. ನನಗಂತೂ ಅದು ಮೇಲಿನ ಎರಡಕ್ಕಿಂತ ನಂಬಿಕಸ್ಥ ಅನ್ನಿಸಿತು, ನಾವು ತುಂಬುವುದೇ ಬೇಡವಲ್ಲ. ಹಿಸ್ಟರಿಯಲ್ಲಿ 'ವೈನ್ಸ್' ಅಂತ, 'ಬಾರ್' ಅಂತ ಹುಡುಕಿ, ಕೆಲವು ಕಡೆ ಕ್ಯೂಆರ್ ಕೋಡ್ ಮಾಲೀಕರ ಹೆಸರಿನಲ್ಲಿರುತ್ತದೆ, ಅದನ್ನೂ ಸೇರಿಸಿ. ತಿಂಗಳ ಮೊತ್ತ ನೋಡಿದಾಗ ಆಗುವ ಗಾಬರಿ ಯಾವ ಗ್ರಾಫಿನಿಂದಲೂ ಆಗಲಿಲ್ಲ. ಹೊತ್ತು ಕೂಡ ಗೊತ್ತಾಗುತ್ತದೆ. ನನ್ನ ಹೆಚ್ಚಿನ ಪಾವತಿಗಳು ಸಂಜೆ 6.30ರಿಂದ 7.15ರೊಳಗೆ, ಬಸ್ಸಿಳಿದು ಮನೆ ಸೇರುವ ಮಧ್ಯೆ. ಬೇರೆಯವರು ಕುಡಿಸಿದ್ದು, ಕ್ಯಾಶ್ ಕೊಟ್ಟದ್ದು ಇದರಲ್ಲಿ ಬರುವುದಿಲ್ಲ, ಬೀಗರೂಟವಂತೂ ಇಲ್ಲವೇ ಇಲ್ಲ. ಆದರೂ ಆ ಮುಕ್ಕಾಲು ಗಂಟೆ ಸಿಕ್ಕಿದ್ದೇ ದೊಡ್ಡದು.

ಆಮೇಲೆ ಆ ಮುಕ್ಕಾಲು ಗಂಟೆಯನ್ನು ಹಿಡಿದದ್ದು ವಾಟ್ಸಾಪ್. ದೊಡ್ಡಮ್ಮನ ಮಗ, ನನಗಿಂತ ಹಿರಿಯ, ಅವನೂ ಇಳಿಸುತ್ತಿದ್ದಾನೆ. ಮೊದಮೊದಲು ರಾತ್ರಿ ಊಟ ಆದ ಮೇಲೆ ಕೇಳುತ್ತಿದ್ದ: "ಏನಪ್ಪಾ, ಇವತ್ತೆಷ್ಟು?" ನಾನು "ಸಿಕ್ಸ್‌ಟಿ ಅಣ್ಣ" ಅನ್ನುತ್ತಿದ್ದೆ, ಅವನದನ್ನು ಅವನು ಹೇಳುತ್ತಿದ್ದ. ಹಾಜರಿ ಹಾಕಿದಂತಾಯಿತೇ ಹೊರತು ಏನೂ ಇಳಿಯಲಿಲ್ಲ. ಯುಪಿಐ ಲೆಕ್ಕ ತೋರಿಸಿದ ಮೇಲೆ ಮೆಸೇಜನ್ನು ಆರೂಕಾಲಿಗೆ ಬದಲಾಯಿಸಿದೆವು.

"ಎಲ್ಲಿದ್ದೀಯ?"

"ಬಸ್ಸಲ್ಲಿ ಅಣ್ಣ. ಇನ್ನೆರಡು ಸ್ಟಾಪು."

"ಹಸಿದ ಹೊಟ್ಟೇಲಿ ಅಂಗಡಿ ಕಡೆ ತಿರುಗ್ಬೇಡ. ಮೊದ್ಲು ಮನೆಗೆ ಹೋಗಿ ಏನಾದ್ರೂ ತಿನ್ನು. ಆಮೇಲೂ ಬೇಕು ಅನ್ಸಿದ್ರೆ ಹೋಗುವಂತೆ."

ಮನೆಗೆ ಹೋಗಿ ಒಂದು ತಟ್ಟೆ ಉಪ್ಪಿಟ್ಟು ತಿಂದು ಕೂತರೆ, ಮತ್ತೆ ಪ್ಯಾಂಟ್ ಹಾಕಿಕೊಂಡು ಅಂಗಡಿಗೆ ನಡೆಯುವಷ್ಟು ಆಸೆ ಹೆಚ್ಚಿನ ದಿನ ಉಳಿಯುತ್ತಿರಲಿಲ್ಲ. ಅದೇ ಅಣ್ಣ, ಅದೇ ವಾಟ್ಸಾಪ್, ಬದಲಾದದ್ದು ಗಂಟೆ ಮಾತ್ರ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಚಿಕಿತ್ಸೆ ಮುಗಿಸಿ ಮನೆಗೆ ಹೋಗುವವರಿಗೆ ಮಾಡಿದ 'ಎ-ಚೆಸ್' ಎಂಬ ಫೋನ್ ವ್ಯವಸ್ಥೆಯಲ್ಲೂ ಇದೇ ಜಾಣತನವಿದೆ: ಹಳೇ ಬಾರಿನಂಥ ಅಪಾಯದ ಜಾಗದ ಹತ್ತಿರ ಹೋದರೆ ಜಿಪಿಎಸ್ ಹಿಡಿದು ಎಚ್ಚರಿಸುತ್ತದೆ. 349 ಜನರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿತಿಮೀರಿ ಕುಡಿದ ದಿನಗಳು ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ತಿಂಗಳಿಗೆ ಸರಾಸರಿ 2.75 ಇದ್ದರೆ, ಜೊತೆಗೆ ಈ ಫೋನ್ ಸಿಕ್ಕವರಲ್ಲಿ 1.39 ಇತ್ತು. ಕುಡಿಯುವ ಮುಂಚೆ ಮಾತಾಡಿಸುವ ಸಾಧನಕ್ಕೂ ಕುಡಿದ ಮೇಲೆ ಲೆಕ್ಕ ಕೇಳುವ ಸಾಧನಕ್ಕೂ ಇರುವ ಅಂತರವನ್ನು ನಾನು ಕಂಡದ್ದಂತೂ ಹೀಗೆಯೇ. ಊದಿ ನೋಡುವ ಪುಟ್ಟ ಮೀಟರುಗಳನ್ನು ಇದೇ ಕಾರಣಕ್ಕೆ ಹೋಲಿಕೆಗೇ ಸೇರಿಸಿಲ್ಲ. ಅದು ಕುಡಿದ ಮೇಲಿನ ಮಾತು, ಜೊತೆಗೆ 'ಕಾನೂನಿನ ಮಿತಿ 30 ದಾಟಿಲ್ಲ, ಗಾಡಿ ಓಡಿಸಬಹುದು' ಅನ್ನುವ ಕೆಟ್ಟ ಧೈರ್ಯ ಬೇರೆ.

ಟೆಲಿ ಮಾನಸ್, ಅಂದರೆ 14416 ನಂಬರಿನ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಇವೆಲ್ಲಕ್ಕಿಂತ ಬೇರೆ ಬಗೆಯದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ್ದು, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಭಾಷೆ ಆರಿಸಿಕೊಂಡರೆ ಕನ್ನಡದಲ್ಲೇ ಮಾತು. ನನ್ನ ಕರೆ ತೆಗೆದುಕೊಂಡ ಹೆಣ್ಣುಮಗಳು ಮೊದಲು ಕೇಳಿದ್ದು "ಬೆಳಗ್ಗೆ ಕೈ ನಡುಗುತ್ತಾ ಸರ್?" ಅಂತ. ಅಲ್ಲಿಂದ ನಿದ್ದೆ, ಸಾಲ, ಮನೆಯಲ್ಲಿ ಜಗಳ, ಎಲ್ಲದಕ್ಕೂ ಮಾತು ಹೋಯಿತು. ಇದನ್ನು ಯಾವ ಆ್ಯಪೂ ಕೇಳಿರಲಿಲ್ಲ. ದಿನಾ ಸಂಜೆ ಆರೂಕಾಲಿಗೆ ಅವರೇ ಫೋನ್ ಮಾಡಲಿ ಅಂತ ಬಯಸುವುದು ತಪ್ಪಾಗುತ್ತದೆ, ಆ ಕೆಲಸ ಅಣ್ಣನದೇ. ಕುಡಿತ ಬಿಟ್ಟವರ, ಬಿಡುತ್ತಿರುವವರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಂಘದ ಆನ್‌ಲೈನ್ ಮೀಟಿಂಗಿಗೂ ಹೋಗಿ ಕೂತೆ. ಒಳ್ಳೆಯ ಜನ, ಆದರೆ ಅವರ ದಾರಿ ಪೂರ್ತಿ ಬಿಡುವವರದು.

ಗುಟ್ಟಿನ ವಿಚಾರವನ್ನೂ ಹೇಳಬೇಕು. ಅಮೆರಿಕದಲ್ಲಿ ಕುಡಿತ ಬಿಡಿಸುವ ಆನ್‌ಲೈನ್ ಕಂಪನಿ ಮಾನ್ಯುಮೆಂಟ್, ಗ್ರಾಹಕರ ವಿವರಗಳನ್ನು ಜಾಹೀರಾತು ಕಂಪನಿಗಳಿಗೆ ದಾಟಿಸಿದ್ದಕ್ಕೆ 2024ರಲ್ಲಿ ಅಲ್ಲಿನ ವ್ಯಾಪಾರ ಆಯೋಗದ ಕ್ರಮಕ್ಕೆ ಗುರಿಯಾಯಿತು. ಹೆಸರು, ನಂಬರು ಕೇಳದೆಯೇ ನಡೆಯುವ ಆ್ಯಪ್ ಸಿಕ್ಕರೆ ಅದೇ ವಾಸಿ.

ಈಗ ನನ್ನ ಫೋನಿನಲ್ಲಿ ಉಳಿದಿರುವುದು ಪೆಗ್ ಲೆಕ್ಕದ ಆ್ಯಪ್, ಅದೂ ಭಾನುವಾರಕ್ಕೊಮ್ಮೆ ತೆರೆಯುವುದು, ಮತ್ತು ಅಣ್ಣನ ಆರೂಕಾಲಿನ ಮೆಸೇಜು. ದಿನ ಎಣಿಸುವುದನ್ನು ತೆಗೆದುಹಾಕಿ, ಪೂರ್ತಿ ಬಿಟ್ಟಿರುವ ಗೆಳೆಯನೊಬ್ಬನಿಗೆ ಹೇಳಿದೆ, ಅವನಿಗೆ ಅದು ಚೆನ್ನಾಗಿ ಒಗ್ಗಿದೆ. ನಮ್ಮ ಮಾವನದು ಕೀಪ್ಯಾಡ್ ಫೋನು, ಇಂಗ್ಲಿಷ್ ಆ್ಯಪ್‌ಗಳ ಮಾತೇ ಇಲ್ಲ. ಅವರಿಗೆ 14416 ಸೇವ್ ಮಾಡಿ ಸ್ಪೀಡ್ ಡಯಲ್‌ಗೆ ಹಾಕಿಕೊಟ್ಟಿದ್ದೇನೆ. ಕರೆನ್ಸಿ ಖರ್ಚಾಗುವುದಿಲ್ಲ ಅಂತ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.