ಜೋಡಿ ಚಿಂಚಿಲ್ಲಾಗಳ ಜಗಳ: ಒಂದೇ ಗೂಡೋ, ಅಕ್ಕಪಕ್ಕದ ಗೂಡೋ?

ಚಿಂಚಿಲ್ಲಾ ಎಂದರೆ ಇಲಿಯ ಬಳಗದ, ದಟ್ಟ ತುಪ್ಪಳದ ಪುಟ್ಟ ಸಾಕುಪ್ರಾಣಿ. ಜೋಡಿಯ ಜಗಳ ಮೈಮೇಲೆ ಹತ್ತುವುದು, ಅಟ್ಟಾಡಿಸುವುದು, ಹೆಣ್ಣು ಹಿಂಗಾಲ ಮೇಲೆ ನಿಂತು ಮೂತ್ರ ಚಿಮ್ಮಿಸುವುದು ಇಷ್ಟೇ ಆಗಿದ್ದರೆ ಒಂದೇ ಗೂಡು ಸಾಕು, ಖರ್ಚೂ ಕಡಿಮೆ. ಆದರೆ ಹುಲ್ಲು, ನೀರಿನ ಬಾಟಲಿ, ಅಡಗುವ ಪೆಟ್ಟಿಗೆ ಎರಡೆರಡು ಇರಲಿ. ಪೆಟ್ಟಿಗೆಗೆ ಎರಡು ಬಾಗಿಲು ಬೇಕೇ ಬೇಕು, ಇಲ್ಲದಿದ್ದರೆ ಸೋತ ಪ್ರಾಣಿ ಮೂಲೆಯಲ್ಲಿ ಸಿಕ್ಕಿಬೀಳುತ್ತದೆ.

ಗೂಡಿನ ತಳದಲ್ಲಿ ಕೂದಲಿನ ಗೊಂಚಲು ಬಿದ್ದಿದ್ದರೆ, ಒಂದು ಪ್ರಾಣಿ ಮೇಲಿನ ಹಲಗೆಯಿಂದ ಇಳಿಯಲೂ ಹೆದರಿ ತೂಕ ಕಳೆದುಕೊಳ್ಳುತ್ತಿದ್ದರೆ ಅಕ್ಕಪಕ್ಕದ ಗೂಡೇ ಸರಿ. ಜಾಗ, ಕೆಲಸ ದುಪ್ಪಟ್ಟು, ನಿಜ. ನಡುವೆ ಐದಾರು ಸೆಂಟಿಮೀಟರ್ ಬಿಡಿ. ತಂತಿಗೆ ತಂತಿ ತಾಗಿದರೆ ಕಾಲ್ಬೆರಳು ಕಚ್ಚಿಕೊಳ್ಳುತ್ತವೆ. ಧೂಳುಸ್ನಾನದ (ಅವು ಹೊರಳಾಡಿ ಮೈ ಶುಚಿ ಮಾಡಿಕೊಳ್ಳುವ ನುಣ್ಣನೆ ಧೂಳಿನ) ಪಾತ್ರೆ ಅದಲುಬದಲು ಮಾಡುತ್ತಿದ್ದರೆ ಪರಸ್ಪರ ವಾಸನೆಯ ಪರಿಚಯ ಉಳಿಯುತ್ತದೆ.

ರಕ್ತ ಕಂಡರೆ ಮಾತ್ರ ಕಾಯಬೇಡಿ. ಆಗಲೇ ಬೇರ್ಪಡಿಸಿ, ಪಶುವೈದ್ಯರಿಗೆ ತೋರಿಸಿ. ದಟ್ಟ ತುಪ್ಪಳದಡಿ ಗಾಯ ಸುಲಭವಾಗಿ ಕಾಣದು.