ಕೆಎ ಗಾಡಿಗೆ ಎಂಎಚ್ ನಂಬರ್: ಪರಿವಾಹನ್ ಸೇವೆ ಎಲ್ಲಿಯವರೆಗೆ ಕೈಹಿಡಿಯುತ್ತದೆ?

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು ನೆಲೆಸಿದವರು ಗಾಡಿಯ ಕರ್ನಾಟಕದ (ಕೆಎ) ನಂಬರನ್ನು ಮಹಾರಾಷ್ಟ್ರದ್ದಕ್ಕೆ (ಎಂಎಚ್) ಬದಲಿಸಲು ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲ್‌ನಿಂದ ಶುರು ಮಾಡಬೇಕು. ಅರ್ಜಿಯ ಮಟ್ಟಿಗೆ ಸೇವೆ ಚೆನ್ನಾಗಿದೆ. ತೆರಿಗೆಯ ವಿಷಯ ಬಂದಾಗ ಅರ್ಧದಲ್ಲೇ ಕೈಬಿಡುತ್ತದೆ.

ಮೊದಲು ಕರ್ನಾಟಕದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆಯಬೇಕು, ಅದರ ಅರ್ಜಿಯೇ ಫಾರ್ಮ್ 28. ಗಾಡಿ ನಂಬರ್ ಮತ್ತು ಚಾಸಿಸ್ ನಂಬರಿನ ಕೊನೆಯ 5 ಅಂಕಿ ಹಾಕಿದರೆ ಒಟಿಪಿ ಬರುತ್ತದೆ. ದಾಖಲೆಯಲ್ಲಿ ಹಳೆಯ ಮೊಬೈಲ್ ನಂಬರ್ ಇದ್ದರೆ ಕೆಲಸ ಇಲ್ಲೇ ನಿಂತುಹೋಗುತ್ತದೆ, ಅದನ್ನು ಮೊದಲೇ ಸರಿಪಡಿಸಿಕೊಳ್ಳಿ. ಚಲನ್ ಬಾಕಿ ತೀರಿಸಿರಬೇಕು, ಇನ್ಶೂರೆನ್ಸ್ ಚಾಲ್ತಿಯಲ್ಲಿರಬೇಕು, ಸಾಲದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚನ್ನೂ ತೆಗೆದಿಟ್ಟುಕೊಳ್ಳಿ. ಯಾವ ಆರ್‌ಟಿಒಗೆ ಎಂದು ಆರಿಸುವಾಗ ಬಹಳ ಜನ ಎಡವುತ್ತಾರೆ: ಕೋಥ್ರೂಡ್, ಹಡಪ್ಸರ್‌ನವರಿಗೆ ಎಂಎಚ್ 12 (ಪುಣೆ ಆರ್‌ಟಿಒ), ವಾಕಡ್, ನಿಗಡಿಯವರಿಗೆ ಎಂಎಚ್ 14 (ಪಿಂಪ್ರಿ-ಚಿಂಚ್ವಾಡ್ ಆರ್‌ಟಿಒ). ವಿಳಾಸದ ದಾಖಲೆಗೆ ತಾಳೆಯಾಗದಿದ್ದರೆ ಎನ್‌ಒಸಿ ತಿದ್ದಿಸಲು ಮತ್ತೆ ಹಳೆಯ ಆರ್‌ಟಿಒದ ಬಾಗಿಲಿಗೇ ಹೋಗಬೇಕು.

ದುಡ್ಡು ಕರಗುವುದು ಪುಣೆಯಲ್ಲಿ ಫಾರ್ಮ್ 27, ಅಂದರೆ ಹೊಸ ನಂಬರಿನ ಅರ್ಜಿ ಹಾಕಿದ ಮೇಲೆ. ಮಹಾರಾಷ್ಟ್ರದಲ್ಲಿ ಸ್ವಂತ ಬಳಕೆಯ ಹೊಸ ಪೆಟ್ರೋಲ್ ಕಾರಿಗೆ 10 ಲಕ್ಷದವರೆಗೆ ಶೇ. 11, 20 ಲಕ್ಷದವರೆಗೆ ಶೇ. 12, ಅದಕ್ಕೂ ಮೇಲೆ ಶೇ. 13 ತೆರಿಗೆ. ಡೀಸೆಲ್‌ಗೆ ಇನ್ನೂ ಶೇ. 2 ಹೆಚ್ಚು. ಗಾಡಿ ಹಳೆಯದಾದಷ್ಟೂ ದರ ಇಳಿಯುತ್ತದೆ. ಆದರೆ ಲೆಕ್ಕ ಕೊಂಡಾಗಿನ ಬೆಲೆಯ ಮೇಲೆ, ಇಂದು ಮಾರಿದರೆ ಬರುವ ಬೆಲೆಯ ಮೇಲಲ್ಲ. ಅದಕ್ಕೇ ಷೋರೂಮಿನ ಇನ್‌ವಾಯ್ಸ್ ಕಳೆಯಬೇಡಿ.

ಈ ಸೇವೆಯ ದೊಡ್ಡ ಕೊರತೆ ಇಲ್ಲಿದೆ. 10ರಿಂದ 20 ಲಕ್ಷದ ಕಾರಿಗೆ ಕರ್ನಾಟಕ ಶೇ. 17ರ ಲೈಫ್ ಟ್ಯಾಕ್ಸ್ ಮೊದಲೇ ತೆಗೆದುಕೊಂಡಿರುತ್ತದೆ. ಉಳಿದ ಅವಧಿಯ ಪಾಲು ವಾಪಸ್ ಪಡೆಯುವ ಹಕ್ಕು ಇದೆ, ಆದರೆ ಅದನ್ನು ಮಹಾರಾಷ್ಟ್ರದ ತೆರಿಗೆಗೆ ವಜಾ ಮಾಡಿಕೊಳ್ಳುವ ದಾರಿ ಪೋರ್ಟಲ್‌ನಲ್ಲಿಲ್ಲ. ಇಲ್ಲಿ ಪೂರ್ತಿ ಕಟ್ಟಿ, ಹೊಸ ಆರ್‌ಸಿ ಕೈಗೆ ಬಂದ ಮೇಲೆ ಹಳೆಯ ಆರ್‌ಟಿಒಗೆ ಬೇರೆಯೇ ಅರ್ಜಿ ಕೊಡಬೇಕು. ಎರಡೂ ರಾಜ್ಯದ ದಾಖಲೆ ವಾಹನ್ ಎಂಬ ಒಂದೇ ಗಣಕ ವ್ಯವಸ್ಥೆಯಲ್ಲಿರುವಾಗ ಈ ಹೊರೆಯನ್ನು ಗಾಡಿ ಮಾಲೀಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಳೆಯ ಆರ್‌ಸಿಯನ್ನು ಪುಣೆಯಲ್ಲಿ ಒಪ್ಪಿಸುವ ಮುನ್ನ ಎರಡೂ ಬದಿಯ ನಕಲು, ಎನ್‌ಒಸಿ ಪ್ರತಿ, ತೆರಿಗೆ ರಸೀದಿ ಜೋಡಿಸಿಟ್ಟುಕೊಳ್ಳಿ. ಏಜೆಂಟ್‌ಗೆ ಕೊಡುವವರು ಆತನ ಶುಲ್ಕದಲ್ಲಿ ರೀಫಂಡ್ ಕೆಲಸವೂ ಸೇರಿದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿದ್ದರೆ ಹೊಸ ನಂಬರ್ ಕಡ್ಡಾಯ. ವರ್ಷದೊಳಗೆ ಊರಿಗೆ ಮರಳುವವರಿಗೆ ಈ ಖರ್ಚೇ ಬೇಡ. ಹೊಸ ಕಾರು ಕೊಳ್ಳುವವರು ಸರ್ಕಾರಿ ನೌಕರಿಯಲ್ಲಿದ್ದರೆ, ಅಥವಾ 4 ಇಲ್ಲವೇ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯಲ್ಲಿದ್ದರೆ, 2021ರಲ್ಲಿ ಬಂದ ಬಿಎಚ್ (ಭಾರತ್) ಸರಣಿಯ ನಂಬರನ್ನೇ ಆರಿಸಿ. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು, ರಾಜ್ಯ ಬದಲಾದರೂ ನಂಬರ್ ಅದೇ.

ಎಂಎಚ್ ನಂಬರ್ ಬಂದ ಕೂಡಲೇ ಇನ್ಶೂರೆನ್ಸ್ ಪಾಲಿಸಿ, ಫಾಸ್ಟ್ಯಾಗ್ ಎರಡರಲ್ಲೂ ಅದನ್ನು ಬದಲಿಸಿ. ಪಾಲಿಸಿಯಲ್ಲಿ ಕೆಎ ನಂಬರೇ ಉಳಿದರೆ ಕ್ಲೇಮಿನ ಹೊತ್ತಿನಲ್ಲಿ ತಕರಾರು ಎದ್ದೀತು.