ಗ್ರೀಸ್‌ಗೆ ಹೊರಟಿದ್ದೀರಾ? ವಾಪಸ್ ಬರೋ ದಿನ ಫೆರ್ರಿ ಇಟ್ಟುಕೋಬೇಡಿ

ಜುಲೈ, ಆಗಸ್ಟ್‌ನಲ್ಲಿ ಗ್ರೀಸ್ ದ್ವೀಪಗಳಿಗೆ ಹೋಗೋರು ಏಜೆಂಟ್ ಕಳಿಸಿದ ಪ್ಲಾನಿನ ಕೊನೇ ಪುಟ ಮೊದಲು ನೋಡಿ. ಬೆಳಿಗ್ಗೆ ದ್ವೀಪದಿಂದ ಫೆರ್ರಿ, ಅದೇ ರಾತ್ರಿ ಅಥೆನ್ಸ್‌ನಿಂದ ಬೆಂಗಳೂರಿಗೆ ಫ್ಲೈಟ್ ಅಂತಿದ್ದರೆ ಈಗಲೇ ಬದಲಾಯಿಸಿಕೊಳ್ಳಿ. ನಮ್ಮದೂ ಹಾಗೇ ಇತ್ತು. ಅನುಮಾನ ಬಂದು ಕೇಳಿದ್ದಕ್ಕೆ, "ಮಧ್ಯೆ ಬೇಕಾದಷ್ಟು ಟೈಮ್ ಇದೆ ಸರ್, ಆರಾಮಾಗಿ ಬನ್ನಿ" ಅಂದರು ನಮ್ಮ ಏಜೆಂಟ್.

ವಾಪಸ್ ಹೊರಟ ದಿನ ನಾವಿದ್ದ ನಕ್ಸೋಸ್ ದ್ವೀಪದ ಬಂದರಿಗೆ ಬಂದಾಗ ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ಆದರೆ ದಡದ ಹೋಟೆಲುಗಳ ಪ್ಲಾಸ್ಟಿಕ್ ಕುರ್ಚಿಗಳು ಗಾಳಿಗೆ ಉರುಳಾಡುತ್ತಿದ್ದವು. ಟಿಕೆಟ್ ಆಫೀಸಿನ ಬಾಗಿಲನ್ನು ನಾನೂ ಮಗನೂ ಸೇರಿ ಎಳೀಬೇಕಾಯ್ತು. ಕೌಂಟರಿನಲ್ಲಿದ್ದ ಹೆಂಗಸು ನಮ್ಮ ಸೂಟ್‌ಕೇಸ್ ನೋಡಿಯೇ ತಲೆ ಅಲ್ಲಾಡಿಸಿದರು. ಆ ಗಾಳಿಯ ಹೆಸರು ಮೆಲ್ಟೆಮಿ, ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಬೀಸುವ ಒಣ ಉತ್ತರ ಗಾಳಿ. ನಮ್ಮ ಮುಂಗಾರಿನ ಹಾಗೆ ಮೋಡ ಕಟ್ಟಿಕೊಂಡು ಬರೋದಲ್ಲ, ಸುಡು ಬಿಸಿಲಲ್ಲೇ ಹಡಗು ನಿಲ್ಲಿಸಿಬಿಡುತ್ತೆ. ಗಾಳಿ ಜೋರಾದರೆ ಕೋಸ್ಟ್ ಗಾರ್ಡ್‌ನವರೇ ಹಡಗು ಬಿಡಬೇಡಿ ಅಂತ ಆದೇಶ ಹೊರಡಿಸ್ತಾರೆ. ಹೈಸ್ಪೀಡ್ ಕ್ಯಾಟಮರಾನ್‌ಗಳು (ಜೋಡಿ ತಳದ ಹಗುರ ಹಡಗುಗಳು) ಮೊದಲು ನಿಲ್ಲುತ್ತವೆ, ಕಾರು ಲಾರಿ ಹೊರುವ ದೊಡ್ಡ ಫೆರ್ರಿಗಳು ಇನ್ನಷ್ಟು ಹೊತ್ತು ಓಡುತ್ತವೆ. ನಮಗೆ ಬುಕ್ ಮಾಡಿದ್ದು ಹೈಸ್ಪೀಡ್!

ವಿಮಾನ ಹಿಡಿಯೋಣ ಅಂದರೆ ನಕ್ಸೋಸ್ ರನ್‌ವೇ ಗಿಡ್ಡ, ಇಳಿಯೋದು ಸಣ್ಣ ಪ್ರೊಪೆಲರ್ ವಿಮಾನಗಳಷ್ಟೇ. ಇದ್ದ ಸೀಟುಗಳೂ ನಾವು ಫೋನ್ ತೆಗೆಯುವಷ್ಟರಲ್ಲಿ ಬುಕ್ ಆಗಿಹೋಗಿದ್ದವು.

ಫೆರ್ರಿ ದುಡ್ಡು ವಾಪಸ್ ಬಂತು, ಅದರಲ್ಲಿ ತಕರಾರಿಲ್ಲ. ಬೆಂಗಳೂರಿನ ಫ್ಲೈಟ್ ಬೇರೆ ಟಿಕೆಟ್ ಆದ್ದರಿಂದ ಏರ್‌ಲೈನ್‌ನವರ ಲೆಕ್ಕದಲ್ಲಿ ನಾವು ಬರದೇ ಹೋದವರು, ಅಷ್ಟೇ. ಇನ್ಶೂರೆನ್ಸ್‌ನವರು ಫ್ಲೈಟ್ ತಡವಾದರೆ ಕೊಡ್ತಾರಂತೆ, ಫೆರ್ರಿ ಅವರಿಗೆ ಸಂಬಂಧವೇ ಇಲ್ಲ. ಇದೆಲ್ಲಕ್ಕಿಂತ ಬೆವರಿಳಿಸಿದ್ದು ವೀಸಾ. ಷೆಂಗೆನ್ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಸ್ಟಿಕ್ಕರಿನಲ್ಲಿ ಕೊನೇ ತಾರೀಖು ಮುಂದಕ್ಕಿದ್ದರೂ ಉಳಿಯಬಹುದಾದ ದಿನಗಳ ಸಂಖ್ಯೆ ಬೇರೆ ಬರೆದಿರುತ್ತೆ. ನಮ್ಮದು ಮುಗಿಯುತ್ತಾ ಬಂದಿತ್ತು. ಹಾಗಾಗಿ ಗಾಳಿ ನಿಂತ ಮೇಲೆ ಬೆಂಗಳೂರಿಗೆ ಸಿಕ್ಕಿದ ಫ್ಲೈಟ್ ಟಿಕೆಟನ್ನು ಕೇಳಿದ ರೇಟಿಗೆ ತಗೊಂಡ್ವಿ.

ಅಥೆನ್ಸ್‌ನಲ್ಲಿ ಇಳಿದ ಕೂಡಲೇ ದ್ವೀಪಗಳಿಗೆ ಹೋಗಿ, ಅಥೆನ್ಸ್‌ನ ಗುಡ್ಡದ ಮೇಲಿರೋ ಹಳೇ ದೇವಾಲಯಗಳ ಆಕ್ರೊಪೊಲಿಸ್ ಎಲ್ಲಾ ಕೊನೆಗಿಟ್ಟುಕೊಳ್ಳಿ. ವಾಪಸ್ ಫ್ಲೈಟಿಗೆ ಮೊದಲು ಎರಡು ರಾತ್ರಿ ಅಥೆನ್ಸ್‌ನಲ್ಲೇ ಇರಲಿ. ಮಿಕೊನೋಸ್, ಟಿನೋಸ್ ದ್ವೀಪಗಳ ಕಡೆಯಿಂದ ಬರೋರು ರಫೀನಾ ಬಂದರಿಗೆ ಬರುವ ಫೆರ್ರಿ ನೋಡಿ, ಏರ್‌ಪೋರ್ಟಿಗೆ ಅದು ಅಥೆನ್ಸ್‌ನ ದೊಡ್ಡ ಬಂದರು ಪಿರೇಯಸ್‌ಗಿಂತ ಹತ್ತಿರ.